ಇಪ್ಪತ್ತೈದು ಸಾವಿರಕ್ಕೆ ಗಿಟಾರ್: ಮಲೆನಾಡಿನ ಮನೆಗೆ ಯಾವುದು ಸರಿ?

ಅಕ್ಕನ ಮಗ ತೀರ್ಥಹಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದಾನೆ. ಇರುವುದು ಅಜ್ಜಿಮನೆಯಲ್ಲಿ, ಅಂದರೆ ನಮ್ಮಮ್ಮನ ಹತ್ತಿರ, ಮೇಗರವಳ್ಳಿಯಿಂದ ಸ್ವಲ್ಪ ಒಳಗೆ. ಎರಡು ಕೊಯ್ಲಿನಲ್ಲಿ ರಾತ್ರಿ ಕೂತು ಅಡಿಕೆ ಸುಲಿದು ಇಪ್ಪತ್ತೈದು ಸಾವಿರ ಕೂಡಿಸಿದ್ದ. ಫೆಬ್ರವರಿಯ ಒಂದು ಭಾನುವಾರ ಶಿವಮೊಗ್ಗಕ್ಕೆ ಬಂದು ನನ್ನೆದುರು ಕೂತ.

"ಮಾವ, ಒಳ್ಳೆ ಗಿಟಾರ್ ಒಂದು ಹೇಳಿ. ಇಷ್ಟೇ ಇರೋದು. ಒಂದು ರೂಪಾಯಿ ಜಾಸ್ತಿ ಇಲ್ಲ."

ಮೊಬೈಲಿನಲ್ಲಿ ಹತ್ತು ಹನ್ನೆರಡು ಮಾಡೆಲ್ ಬರೆದುಕೊಂಡಿದ್ದ. ಆ ಪಟ್ಟಿ ನೋಡುವ ಮೊದಲು ನಾನು ಕೇಳಿದ್ದು ಒಂದೇ. "ಮನೇಲಿ ಎಲ್ಲಿ ಇಡ್ತೀಯ ಮಾರಾಯ?"

ಅವನಿಗೆ ಪ್ರಶ್ನೆ ವಿಚಿತ್ರ ಅನ್ನಿಸಿತು. ನನಗೆ ಕಾರಣ ಇತ್ತು. ನನ್ನ ಮೊದಲ ಗಿಟಾರ್ ಇದ್ದದ್ದೂ ಅದೇ ಮನೆಯಲ್ಲಿ. ಆರಿದ್ರ ಮಳೆ ಶುರುವಾಗಿ ಒಂದು ವಾರಕ್ಕೆ ಅದರ ಮೈ ಮೇಲೆ ಬಿಳಿ ಬೂಷ್ಟು ಬಂತು. ನಾನು ಕಾಲೇಜಿಗೆ ಹೋದಾಗ ಅಮ್ಮ ಅದನ್ನು ಚೆನ್ನಾಗಿ ಒರೆಸಿ, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಕೊಬ್ಬರಿ, ಹಪ್ಪಳ, ಒದ್ದೆ ಕಂಬಳಿ ಎಲ್ಲ ಒಣಗುವ ಜಾಗ ಅದು. ಗಿಟಾರೂ ಒಣಗಲಿ ಅಂತ. ಮೂರನೇ ದಿನ ರಾತ್ರಿ ಅಟ್ಟದಲ್ಲಿ ಫಟ್ ಅಂತ ಶಬ್ದ. ಬೆಕ್ಕು ಏನೋ ಬೀಳಿಸಿತು ಅಂದುಕೊಂಡೆವು. ಬೆಳಿಗ್ಗೆ ನೋಡಿದರೆ ಬ್ರಿಡ್ಜ್, ಅಂದರೆ ತಂತಿ ಕಟ್ಟುವ ಮರದ ತುಂಡು, ಕಿತ್ತು ಬಂದು ಆರು ತಂತಿಯ ತುದಿಯಲ್ಲಿ ತೂಗಾಡುತ್ತಿತ್ತು. ಶಾಖಕ್ಕೆ ಅಂಟು ಮೆತ್ತಗಾಗಿತ್ತು, ತಂತಿಯ ಎಳೆತ ಉಳಿದ ಕೆಲಸ ಮಾಡಿತ್ತು.

ಹಾಗಾಗಿ ಬೆಂಗಳೂರಿನವರು ಕೊಡುವ ಸಲಹೆಯನ್ನು ಹಾಗೇ ನಮ್ಮ ಕಡೆಗೆ ತಂದರೆ ಆಗುವುದಿಲ್ಲ. ಗಿಟಾರಿಗೆ ಗಾಳಿಯಲ್ಲಿ ನೂರಕ್ಕೆ 45ರಿಂದ 55ರಷ್ಟು ತೇವ ಇದ್ದರೆ ಹಿತ ಅಂತ ದೊಡ್ಡ ಕಂಪನಿಗಳೇ ಹೇಳುತ್ತವೆ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಆಗುಂಬೆಯ ಬುಡದಲ್ಲಿ ಕೂತು ಜುಲೈ ತಿಂಗಳಲ್ಲಿ ಆ ಲೆಕ್ಕ ಹೇಳಿದರೆ ಜನ ನಗುತ್ತಾರೆ.

ಮೊದಲು ಮರದ ವಿಷಯ

ಇಪ್ಪತ್ತೈದು ಸಾವಿರದ ಒಳಗಿನ ಗಿಟಾರುಗಳನ್ನು ಬೇರೆ ಮಾಡುವ ದೊಡ್ಡ ಗೆರೆ ಒಂದೇ. ಮೇಲಿನ ಹಲಗೆ, ಅಂದರೆ ತಂತಿಯ ಕೆಳಗಿರುವ ಟಾಪ್, ಒಂದೇ ಮರದ್ದೋ ಅಥವಾ ಪದರ ಪದರ ಅಂಟಿಸಿದ್ದೋ? ಒಂದೇ ಮರದ್ದಾದರೆ ಸಾಲಿಡ್ ಟಾಪ್. ಪದರದ್ದಾದರೆ ಲ್ಯಾಮಿನೇಟ್. ನೇರವಾಗಿ ಹೇಳಬೇಕೆಂದರೆ ಒಳ್ಳೆ ಜಾತಿಯ ಪ್ಲೈವುಡ್.

ತಂತಿ ಮೀಟಿದಾಗ ನಡುಗುವುದು ಈ ಹಲಗೆ. ಒಂದೇ ಮರವಾದರೆ ಸಲೀಸಾಗಿ ನಡುಗುತ್ತದೆ. ದನಿ ಉಬ್ಬಿ ಬರುತ್ತದೆ, ಮೆಲ್ಲಗೆ ಮೀಟಿದರೂ ಕೇಳುತ್ತದೆ, ನಾದ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪದರದ ಹಲಗೆ ಬಿಗಿ. ದನಿ ಬರುತ್ತದೆ, ಆದರೆ ಹೆಚ್ಚು ಮಾತಾಡದ ನೆಂಟನ ಹಾಗೆ, ಕೇಳಿದಷ್ಟಕ್ಕೆ ಉತ್ತರ. ವರ್ಷಗಟ್ಟಲೆ ನುಡಿಸಿದ ಮೇಲೆ ಸಾಲಿಡ್ ಟಾಪ್ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ ಅಂತ ನುಡಿಸುವವರು ಹೇಳುತ್ತಾರೆ. ನನ್ನ ಕಿವಿಗೂ ಹಾಗೇ ಅನ್ನಿಸಿದೆ.

ಇಷ್ಟೇ ಆಗಿದ್ದರೆ ಎಲ್ಲರೂ ಸಾಲಿಡ್ ತೆಗೆದುಕೊಳ್ಳಿ ಅಂತ ಬರೆದು ಮುಗಿಸಬಹುದಿತ್ತು. ಆದರೆ ಮಳೆಗಾಲದಲ್ಲಿ ನಮ್ಮ ಮನೆ ಬಾಗಿಲು ಏನು ಮಾಡುತ್ತದೆ ನೆನಪು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಬೆರಳಲ್ಲಿ ತಳ್ಳಿದರೆ ಮುಚ್ಚುವ ಬಾಗಿಲು, ಪುಷ್ಯ ಮಳೆಯಲ್ಲಿ ಭುಜ ಕೊಟ್ಟರೂ ಚೌಕಟ್ಟಿಗೆ ಕೂರುವುದಿಲ್ಲ. ಮರ ನೀರು ಕುಡಿದು ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ. ಸಾಲಿಡ್ ಟಾಪ್ ಮಾಡುವುದೂ ಅದನ್ನೇ. ಅಗಲಕ್ಕೆ ಹಿಗ್ಗಲು ಜಾಗ ಇಲ್ಲದೆ ಮೇಲಕ್ಕೆ ಹೊಟ್ಟೆ ಬಿಡುತ್ತದೆ. ಬ್ರಿಡ್ಜ್ ಮೇಲೇಳುತ್ತದೆ, ತಂತಿ ಫ್ರೆಟ್‌ನಿಂದ, ಅಂದರೆ ಬೆರಳೊತ್ತುವ ಕಡೆ ಇರುವ ಲೋಹದ ಅಡ್ಡಪಟ್ಟಿಯಿಂದ, ದೂರ ಹೋಗುತ್ತದೆ, ಒತ್ತಲು ಬೆರಳು ನೋಯುತ್ತದೆ. ದನಿ ಹಸಿ ಸೌದೆ ಬಡಿದ ಹಾಗೆ ಮಂಕು. ಪದರದ ಹಲಗೆಯಲ್ಲಿ ಒಂದು ಪದರದ ಎಳೆ ಉದ್ದ, ಇನ್ನೊಂದರದ್ದು ಅಡ್ಡ. ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹಾಗಾಗಿ ಅದು ಇಷ್ಟು ಕುಣಿಯುವುದಿಲ್ಲ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಖರೀದಿಗೆ ಸಂಬಂಧ ಇಲ್ಲದಿದ್ದರೂ. ಲಕ್ಷಗಟ್ಟಲೆ ಬೆಲೆಯ ಗಿಟಾರುಗಳ ಬೆನ್ನು, ಪಕ್ಕ ಮಾಡುವ ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಬೀಟೆ. ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ನಮ್ಮ ಬೀಟೆಗೆ ಬದಲಾಯಿಸಿತು. ಅಮ್ಮನ ಮನೆಯ ಜಗಲಿಯಲ್ಲಿ ಒಂದು ಕಾಲು ಮುರಿದ ಬೀಟೆ ಕುರ್ಚಿ ಇದೆ, ಅದರ ಮೇಲೆ ಸದಾ ಬಾಳೆಗೊನೆ. ನಾನು ಅದನ್ನು ನೋಡುವ ರೀತಿಯೇ ಈಗ ಬೇರೆ. ಆದರೆ ನಮ್ಮ ಬಜೆಟ್ಟಿನ ಗಿಟಾರುಗಳ ಬೆನ್ನಿನಲ್ಲಿ ಬೀಟೆ ಹುಡುಕಬೇಡಿ. ಅಲ್ಲಿರುವುದು ನಾಟೋ, ಮಹೋಗನಿ, ಮೆರಾಂಟಿ ತರಹದ ಮರಗಳ ಪದರ. ಪರವಾಗಿಲ್ಲ. ಈ ಬೆಲೆಯಲ್ಲಿ ಬೆನ್ನಿಗಿಂತ ಟಾಪ್ ಮುಖ್ಯ. ಬೆನ್ನು ಪದರದ್ದೇ ಇದ್ದರೆ ಮಳೆಗೆ ಒಳ್ಳೆಯದೇ ಆಯಿತು.

ಹತ್ತು ಸಾವಿರದ್ದೋ, ಇಪ್ಪತ್ತು ಸಾವಿರದ್ದೋ?

ಐದು ಸಾವಿರದ ಒಳಗಿನ 38 ಇಂಚಿನ ಬಣ್ಣಬಣ್ಣದ ಗಿಟಾರುಗಳನ್ನು ಮೊದಲೇ ಪಕ್ಕಕ್ಕೆ ಇಡಿ. ಅಂಥ ಎಷ್ಟೋ ಗಿಟಾರುಗಳಲ್ಲಿ ಟ್ರಸ್ ರಾಡೇ ಇರುವುದಿಲ್ಲ. ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತು, ಅದರ ಒಳಗೆ ಓಡುವ ಕಬ್ಬಿಣದ ಸಲಾಕೆ ಅದು. ನೆಕ್ ಬಾಗಿದರೆ ಅಲನ್ ಕೀ ತಿರುಗಿಸಿ ಸರಿ ಮಾಡಬಹುದು. ಅದಿಲ್ಲದ ಗಿಟಾರ್ ನಮ್ಮ ಒಂದು ಮಳೆಗಾಲ ಕಂಡರೆ ಬಿಲ್ಲಾಗುತ್ತದೆ. ಆಮೇಲೆ ಬಾಣ ಒಂದು ಹುಡುಕಿಕೊಳ್ಳಬೇಕು.

ಹತ್ತು ಸಾವಿರದ ಆಸುಪಾಸಿನಲ್ಲಿ ನಿಜವಾದ ಆಯ್ಕೆ ಶುರು. ಯಮಹಾ ಎಫ್310 ಇಲ್ಲಿನ ರಾಜ. ನಮ್ಮೂರಿನ ಆರ್ಕೆಸ್ಟ್ರಾ ಹುಡುಗರಿಂದ ಹಿಡಿದು ಗಿಟಾರ್ ಮೇಷ್ಟರವರೆಗೆ ಅರ್ಧ ಜನ ಕಲಿತಿದ್ದು ಅದರಲ್ಲೇ. ಟಾಪ್ ಸ್ಪ್ರೂಸ್ ಮರದ್ದು, ಆದರೆ ಪದರದ್ದು. ಕತ್ತಿನ ತುದಿಯ ಪಟ್ಟಿ ನಟ್‌ನಿಂದ, ಬ್ರಿಡ್ಜಿನ ಮೇಲಿನ ಪಟ್ಟಿ ಸ್ಯಾಡಲ್‌ವರೆಗೆ ತಂತಿಯ ಉದ್ದ 634 ಮಿಲಿಮೀಟರ್. ಸಾಮಾನ್ಯವಾಗಿ ದೊಡ್ಡ ಗಿಟಾರಿಗೆ 650 ಇರುತ್ತದೆ. ಈ ಒಂದೂವರೆ ಸೆಂಟಿಮೀಟರ್ ಕಡಿಮೆ ಇರುವುದರಿಂದ ತಂತಿಯ ಬಿಗಿ ತುಸು ಕಡಿಮೆ, ಹೊಸಬರ ಬೆರಳಿಗೆ ಸುಲಭ. ಇದೇ ಬೆಲೆಗೆ ಕಾರ್ಟ್ ಎಡಿ810 ಸಿಗುತ್ತದೆ. ಅದೂ ಪದರದ್ದೇ. ದನಿಯಲ್ಲಿ ದಪ್ಪ ತಂತಿಗಳ ಕಡೆ ಸ್ವಲ್ಪ ತುಂಬಿದ ಹಾಗೆ ನನಗೆ ಕೇಳುತ್ತದೆ. ಎರಡರಲ್ಲಿ ಕೈಗೆ ಯಾವುದು ಹಿತವೋ ಅದು. ಇದರ ಮೇಲೆ ತಲೆ ಕೆಡಿಸಿಕೊಳ್ಳುವಷ್ಟು ವ್ಯತ್ಯಾಸ ಇಲ್ಲ.

ಹದಿನೈದು ದಾಟಿ ಇಪ್ಪತ್ತೆರಡರವರೆಗೆ ಹೋದರೆ ಸಾಲಿಡ್ ಟಾಪ್ ಬರುತ್ತದೆ. ಬೆಲೆ ತಿಂಗಳಿಗೊಂದು ತರಹ ಏರಿಳಿಯುತ್ತದೆ, ಅಡಿಕೆ ಧಾರಣೆ ಹಾಗೆ, ಅದಕ್ಕೇ ಪೈಸೆ ಲೆಕ್ಕದಲ್ಲಿ ಹೇಳುತ್ತಿಲ್ಲ. ಇಲ್ಲಿ ಮೂರು ಹೆಸರು ಸಾಕು. ಯಮಹಾ ಎಫ್‌ಜಿ800 ಮತ್ತು ಅದರ ತಮ್ಮ ಎಫ್ಎಸ್800. ಫೆಂಡರ್ ಸಿಡಿ60ಎಸ್. ಕಾರ್ಟ್ ಅರ್ಥ್ ಸಾಲಿನಲ್ಲಿ 70 ಅಥವಾ 100.

ಎಫ್‌ಜಿ ಅನ್ನುವ ಸಾಲು ಇಂದು ನಿನ್ನೆಯದಲ್ಲ, 1966ರಿಂದ ಇದೆ. ಎಫ್‌ಜಿ800ಕ್ಕೆ ಸಿಟ್ಕಾ ಸ್ಪ್ರೂಸ್‌ನ ಒಂದೇ ಮರದ ಟಾಪ್. ಒಳಗಿನ ಆಧಾರದ ಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ಹಗುರ ಮಾಡಿರುತ್ತಾರೆ, ಹಲಗೆ ಇನ್ನೂ ಸಲೀಸಾಗಿ ನಡುಗಲಿ ಅಂತ. ಪಿಕ್ ಹಿಡಿದು ಜೋರಾಗಿ ಸ್ಟ್ರಮ್ ಮಾಡಿದರೆ, ಅಂದರೆ ಎಲ್ಲ ತಂತಿ ಒಟ್ಟಿಗೆ ಮೀಟಿದರೆ, ಹಾಲ್ ತುಂಬುತ್ತದೆ. ಫೆಂಡರ್ ಸಿಡಿ60ಎಸ್‌ನಲ್ಲಿ ನನಗೆ ಇಷ್ಟವಾದದ್ದು ಅದರ ಫ್ರೆಟ್‌ಬೋರ್ಡಿನ ಅಂಚು. ಉಜ್ಜಿ ದುಂಡಗೆ ಮಾಡಿರುವುದರಿಂದ ಹೆಬ್ಬೆರಳ ಬುಡಕ್ಕೆ ಚುಚ್ಚುವುದಿಲ್ಲ. ದನಿ ಯಮಹಾಕ್ಕಿಂತ ಒಂದು ಚೂರು ಬೆಚ್ಚಗೆ. ಕಾರ್ಟ್ ಅರ್ಥ್ ಗಿಟಾರುಗಳಲ್ಲಿ ಮರದ ರಂಧ್ರ ಕಾಣುವ ಹಾಗೆ ತೆಳ್ಳಗೆ ಪಾಲಿಶ್ ಕೊಟ್ಟ ಮಾಡೆಲ್ ಬರುತ್ತದೆ. ನೋಡಲು, ಮುಟ್ಟಲು ಬಹಳ ಚೆಂದ. ದನಿಯೂ ಚೆಂದ. ಆದರೆ ನಮ್ಮ ಥಂಡಿಗೆ ನಾನಾದರೆ ಹೊಳೆಯುವ ದಪ್ಪ ಪಾಲಿಶ್ ಇದ್ದದ್ದನ್ನೇ ತರುತ್ತೇನೆ. ಒಂದು ಪದರ ಜಾಸ್ತಿ ಇದ್ದರೆ ತೇವ ಒಳಗೆ ಹೋಗುವುದು ಅಷ್ಟು ನಿಧಾನ.

ಎಫ್‌ಜಿ ಮತ್ತು ಎಫ್ಎಸ್ ನಡುವೆ ಏನು ವ್ಯತ್ಯಾಸ ಅಂತ ಹುಡುಗ ಕೇಳಿದ. ಮರ ಅದೇ, ಆಕಾರ ಬೇರೆ. ಎಫ್‌ಜಿ ದೊಡ್ಡ ಚೌಕ ಭುಜದ ಡ್ರೆಡ್‌ನಾಟ್. ಮಾರ್ಟಿನ್ ಕಂಪನಿ 1916ರಲ್ಲಿ ಮೊದಲು ಮಾಡಿದಾಗ ಆ ಕಾಲದ ದೊಡ್ಡ ಇಂಗ್ಲಿಷ್ ಯುದ್ಧನೌಕೆಯ ಹೆಸರನ್ನೇ ಇದಕ್ಕೆ ಇಟ್ಟರು. ಎಫ್ಎಸ್ ನಡು ಸಣ್ಣಗಿರುವ, ತೆಳುವಾದ ಕನ್ಸರ್ಟ್ ಆಕಾರ. ಅದರ ತಂತಿಯ ಉದ್ದ 634 ಮಿಲಿಮೀಟರ್, ಎಫ್‌ಜಿಯದ್ದು 650. ಗುಂಪಿನಲ್ಲಿ ಹಾಡಿಗೆ ಸಾಥ್ ಕೊಡಲು, ಕಾಲೇಜ್ ಡೇಗೆ, ಗಣಪತಿ ಪೆಂಡಾಲಿಗೆ ಎಫ್‌ಜಿ. ಒಬ್ಬನೇ ಜಗಲಿಯಲ್ಲಿ ಕೂತು ಬೆರಳಲ್ಲಿ ಮೀಟಲು ಎಫ್ಎಸ್. ಡ್ರೆಡ್‌ನಾಟನ್ನು ತೊಡೆ ಮೇಲೆ ಇಟ್ಟುಕೊಂಡರೆ ನನ್ನ ಅಕ್ಕನ ಮಗನ ಬಲತೋಳು ಕಂಕುಳವರೆಗೆ ಎದ್ದು ನಿಲ್ಲುತ್ತಿತ್ತು. ಕುಳ್ಳಗಿದ್ದಾನೆ, ನಮ್ಮ ಮನೆತನದ ಬಳುವಳಿ. ಹತ್ತು ನಿಮಿಷಕ್ಕೆ ಭುಜ ನೋವು ಅಂದ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಪಿಕಪ್ ಇರುವ, ಅಂದರೆ ವೈರ್ ಚುಚ್ಚಿ ಸ್ಪೀಕರಿಗೆ ದನಿ ಕೊಡುವ ಮಾಡೆಲ್ ಬೇಕಾ? ನನ್ನ ಉತ್ತರ, ಈಗ ಬೇಡ. ಅದಕ್ಕೆ ಹೋಗುವ ಮೂರು ನಾಲ್ಕು ಸಾವಿರ ಮರದಿಂದ ಕಡಿತವಾಗುತ್ತದೆ. ಮೈಕ್ ಮುಂದೆ ಇಟ್ಟರೂ ದನಿ ಕೇಳುತ್ತದೆ. ಮುಂದೆ ನಿಜವಾಗಿ ಸ್ಟೇಜ್ ಹತ್ತಿದಾಗ ಹಾಕಿಸಬಹುದು.

ನೈಲಾನ್ ತಂತಿಯ ಯಮಹಾ ಸಿ40 ಕೂಡ ಹತ್ತು ಸಾವಿರದ ಆಸುಪಾಸಿಗೆ ಸಿಗುತ್ತದೆ. ಬೆರಳಿಗೆ ಬೆಣ್ಣೆ. ತುಕ್ಕಿನ ತಾಪತ್ರಯವೂ ಕಡಿಮೆ. ಆದರೆ ನೆಕ್ ಅಗಲ, ನಟ್ ಹತ್ತಿರ 52 ಮಿಲಿಮೀಟರ್. ಉಕ್ಕಿನ ತಂತಿಯ ಗಿಟಾರಿಗೆ ಸಾಧಾರಣ 43. ಸಿನಿಮಾ ಹಾಡು ಸ್ಟ್ರಮ್ ಮಾಡಬೇಕು ಅನ್ನುವವರಿಗೆ ಆ ದನಿ ಸಪ್ಪೆ ಅನ್ನಿಸುತ್ತದೆ. ಶಾಸ್ತ್ರೀಯವಾಗಿ ಕಲಿಯುವವರಿಗೆ ಮಾತ್ರ ಅದು.

ಬಜೆಟ್ ದಾಟಿದ ಒಂದು ಜಾತಿ ಇದೆ, ಹೇಳದೆ ಇರಲಾಗುತ್ತಿಲ್ಲ. ಮಾರ್ಟಿನ್ ಕಂಪನಿಯ ಕೆಲವು ಗಿಟಾರುಗಳಿಗೆ ಎಚ್‌ಪಿಎಲ್ ಅನ್ನುವ ಹಲಗೆ ಬಳಸುತ್ತಾರೆ. ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ, ಬಿಸಿ ಮಾಡಿ, ಒತ್ತಿ ಮಾಡಿದ್ದು. ಬಿಡಿಸಿ ಹೇಳಿದರೆ ನಮ್ಮ ಅಡುಗೆಮನೆ ಕಪಾಟಿನ ಸನ್‌ಮೈಕಾದ ಬಳಗ. ಮಳೆಗೆ ಜಗ್ಗುವುದಿಲ್ಲ. ಆಗುಂಬೆಯಲ್ಲಿ ಮನೆ ಇದ್ದು, ಕೈಯಲ್ಲಿ ಇದರ ಎರಡು ಪಟ್ಟು ದುಡ್ಡು ಇದ್ದವರು ಅದನ್ನು ಒಮ್ಮೆ ನುಡಿಸಿ ನೋಡಿ.

ಹಾಗಾದರೆ ಪದರದ್ದೋ, ಸಾಲಿಡ್ಡೋ? ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರದ ಕಡೆ ತಾರಸಿ ಮನೆಯಲ್ಲಿ ಇರುವವರಿಗೆ ನಾನು ಯೋಚನೆ ಮಾಡದೆ ಸಾಲಿಡ್ ಟಾಪ್ ಹೇಳುತ್ತೇನೆ. ಅಲ್ಲಿ ಮಳೆ ಹದವಾಗಿ ಬರುತ್ತದೆ, ಗೋಡೆ ಬೆವರುವುದಿಲ್ಲ. ಅಲ್ಲಿ ಉಲ್ಟಾ ತೊಂದರೆ ಮಾರ್ಚ್, ಏಪ್ರಿಲ್ ತಿಂಗಳ ಒಣ ಬಿಸಿಲಿನದ್ದು. ಕಾರಿನೊಳಗೆ ಬಿಟ್ಟು ಹೋಗದಿದ್ದರೆ ಸಾಕು. ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ, ಹಂಚಿನ ಮನೆ, ಮಣ್ಣಿನ ಗೋಡೆ, ಸುತ್ತ ತೋಟ ಅಂದರೆ ಎರಡು ಸಲ ಯೋಚಿಸುತ್ತೇನೆ. ವಾರಕ್ಕೊಮ್ಮೆ ತೆಗೆದು ನೋಡುವ ಸ್ವಭಾವ ಇದ್ದರೆ ಸಾಲಿಡ್. "ಗೋಡೆಗೆ ನೇತು ಹಾಕಿ ಬಿಡ್ತೀನಿ" ಅನ್ನುವವನಾದರೆ ಎಫ್310 ತಗೋ, ಉಳಿದ ದುಡ್ಡಲ್ಲಿ ಒಳ್ಳೆ ತಂತಿ ಹಾಕಿಸು, ಸೆಟಪ್ ಮಾಡಿಸು, ಅಂದರೆ ತಂತಿಯ ಎತ್ತರ, ನೆಕ್ ಎಲ್ಲ ಸರಿ ಮಾಡಿಸು, ಆರಾಮಾಗಿರು. ಸರಿಯಾಗಿ ಸೆಟಪ್ ಮಾಡಿದ ಹತ್ತು ಸಾವಿರದ ಗಿಟಾರ್, ಹೊಟ್ಟೆ ಉಬ್ಬಿದ ಇಪ್ಪತ್ತು ಸಾವಿರದ ಗಿಟಾರಿಗಿಂತ ನೂರು ಪಾಲು ಮೇಲು.

ಅಂಗಡಿಯಲ್ಲಿ

ಶಿವಮೊಗ್ಗದಲ್ಲೇ ಮೊದಲು ನೋಡೋಣ ಅಂತ ಹೊರಟೆವು. ಒಂದು ಅಂಗಡಿಯಲ್ಲಿ ಗೋಡೆ ತುಂಬ ಗಿಟಾರ್. ಏಳೂವರೆ ಸಾವಿರದ್ದೊಂದನ್ನು ಇಳಿಸಿ, "ಫುಲ್ ಸಾಲಿಡ್ ಸಾರ್, ಒಳಗೆ ಹೊರಗೆ" ಅಂದರು ಅಂಗಡಿಯವರು.

ಮಂಡಿಯಲ್ಲಿ ಅಡಿಕೆ ನೋಡುವವರು ಮೂಟೆಯ ಮೇಲಿನ ಹೊಳಪು ನೋಡಿ ದರ ಕಟ್ಟುತ್ತಾರಾ? ನಾಲ್ಕು ಕಾಯಿ ತೆಗೆದು ಒಡೆದು, ಒಳಗಿನ ಬಣ್ಣ ನೋಡುತ್ತಾರೆ. ರಾಶಿಯೋ ಗೊರಬಲೋ ಗೊತ್ತಾಗುವುದು ಆಗಲೇ. ಗಿಟಾರನ್ನು ಒಡೆಯಲು ಆಗುವುದಿಲ್ಲ, ಆದರೆ ಮಧ್ಯದ ದುಂಡು ತೂತಿನ ಅಂಚು ನೋಡಬಹುದು. ಮೊಬೈಲ್ ಟಾರ್ಚ್ ಹಾಕಿ ನೋಡಿ. ಟಾಪ್ ಮೇಲಿನ ಸಣ್ಣ ಗೆರೆಗಳು ಅಂಚಿನಲ್ಲಿ ಇಳಿದು ಕೆಳಗಿನವರೆಗೆ ಹಾಗೇ ಹೋಗಿದ್ದರೆ ಸಾಲಿಡ್. ಬಿಸ್ಕತ್ತಿನ ಹಾಗೆ ಅಡ್ಡ ಪದರ ಕಂಡರೆ ಪ್ಲೈ. ನಾನು ಹುಡುಗನಿಗೆ ತೋರಿಸಿದೆ. ಮೂರು ಪದರ ಎಣಿಸಿದ. ಅಂಗಡಿಯವರು ಕ್ಯಾಲೆಂಡರ್ ಕಡೆ ನೋಡುತ್ತಿದ್ದರು. ಕೆಲವರು ಈ ಅಂಚಿಗೆ ಕಪ್ಪು ಬಣ್ಣ ಬಳಿದಿರುತ್ತಾರೆ. ಬಳಿದಿದ್ದರೆ ಮಾತಿಗೆ ಮರುಳಾಗದೆ ಕಂಪನಿಯ ಮಾಹಿತಿಯಲ್ಲಿ 'ಸಾಲಿಡ್' ಅನ್ನುವ ಪದ ಇದೆಯಾ ನೋಡಿ. ಬರೀ 'ಸ್ಪ್ರೂಸ್ ಟಾಪ್' ಅಂತ ಇದ್ದರೆ ಅದು ಪದರದ್ದು ಅಂತಲೇ ತಿಳಿದುಕೊಳ್ಳಿ.

ನಮಗೆ ಬೇಕಾದದ್ದು ಅಲ್ಲಿ ಇರಲಿಲ್ಲ. ತರಿಸಿಕೊಡುತ್ತೇವೆ ಅಂದರು, ಆದರೆ ನುಡಿಸದೆ ತೆಗೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಆನ್‌ಲೈನಿನಲ್ಲಿ ಒಂದೆರಡು ಸಾವಿರ ಕಡಿಮೆಗೆ ಸಿಗಬಹುದು. ಒಂದೇ ಮಾಡೆಲ್ಲಿನ ಎರಡು ಗಿಟಾರ್ ಒಂದೇ ತರಹ ಇರುವುದಿಲ್ಲ ಅನ್ನುವುದು ಅಲ್ಲಿ ಗೊತ್ತಾಗುವುದಿಲ್ಲ. ಮುಂದಿನ ಶನಿವಾರ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋದೆವು. ಜೇಬಿನಲ್ಲಿ ಹದಿನೈದು ಸೆಂಟಿಮೀಟರಿನ ಒಂದು ಸ್ಟೀಲ್ ಸ್ಕೇಲ್ ಇಟ್ಟುಕೊಂಡಿದ್ದೆ. ಟ್ಯೂನರ್ ಆ್ಯಪ್ ಮೊಬೈಲಿನಲ್ಲೇ ಇತ್ತು.

ನೋಡಿದ ಕ್ರಮ ಹೀಗೆ. ಮೊದಲು ಶ್ರುತಿ ಮಾಡಿದೆವು. ಶ್ರುತಿ ಮಾಡದ ಗಿಟಾರ್ ನೋಡಿ ಏನೂ ಹೇಳಲು ಬರುವುದಿಲ್ಲ. ಆಮೇಲೆ 12ನೇ ಫ್ರೆಟ್ ಮೇಲೆ ಸ್ಕೇಲ್ ನಿಲ್ಲಿಸಿ, ದಪ್ಪ ತಂತಿಯ ಅಡಿಗೆ ಎಷ್ಟು ಜಾಗ ಇದೆ ನೋಡಿದೆ. ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಒಳ್ಳೆಯದು. ತೆಳು ತಂತಿಗೆ ಎರಡಕ್ಕಿಂತ ತುಸು ಕಡಿಮೆ. ಮೊದಲ ಗಿಟಾರಿನಲ್ಲಿ ಮೂರೂವರೆ ಇತ್ತು. ಸ್ಯಾಡಲ್ ಉಜ್ಜಿ ಇಳಿಸಬಹುದು, ಆದರೆ ಉಜ್ಜಲು ಸ್ಯಾಡಲ್ ಎತ್ತರ ಉಳಿದಿರಬೇಕು. ಬ್ರಿಡ್ಜಿನಿಂದ ಸ್ಯಾಡಲ್ ಒಂದು ಕೂದಲಷ್ಟೇ ಮೇಲಿದ್ದರೆ ಅಂಥದ್ದನ್ನು ಬಿಟ್ಟುಬಿಡಿ.

ದಪ್ಪ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ 14ನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ ತಂತಿಯೇ ನೇರ ಗೆರೆ. ನಡುವೆ ಏಳನೇ ಫ್ರೆಟ್ ಹತ್ತಿರ ಒಂದು ದಪ್ಪ ಕಾಗದ ಹೋಗುವಷ್ಟು ಸಂದಿ ಇದ್ದರೆ ನೆಕ್ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ನೆಕ್ ಬಾಗಿದೆ, ಏನೂ ಇಲ್ಲದಿದ್ದರೆ ತೀರಾ ನೇರ ಇದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ಟ್ರಸ್ ರಾಡ್ ಇದ್ದರೆ ಸಾಮಾನ್ಯವಾಗಿ ಸರಿ ಮಾಡಬಹುದು.

ನಂತರ ಒಂದೊಂದು ತಂತಿಯ ಒಂದೊಂದು ಫ್ರೆಟ್ ಒತ್ತಿ ಮೀಟುತ್ತಾ ಹೋಗುವುದು. ಬೇಜಾರಿನ ಕೆಲಸ, ಐದು ನಿಮಿಷ ಹಿಡಿಯುತ್ತದೆ. ಎಲ್ಲಾದರೂ ಜುಯ್ ಅಂತ ತಂತಿ ಒದರಿದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಎರಡನೇ ಗಿಟಾರಿನಲ್ಲಿ ಒಂಬತ್ತನೇ ಫ್ರೆಟ್ ಒದರಿತು. ಮೂರನೆಯದು ಸ್ವಚ್ಛ. ಕೊನೆಗೆ 12ನೇ ಫ್ರೆಟ್ ಮೇಲೆ ಬೆರಳು ಬರೀ ತಾಗಿಸಿ ಗಂಟೆಯಂಥ ಸ್ವರ ತೆಗೆದು, ಆಮೇಲೆ ಅದೇ ಜಾಗ ಒತ್ತಿ ಮೀಟಿ, ಎರಡೂ ಆ್ಯಪಿನಲ್ಲಿ ಒಂದೇ ಕಡೆ ನಿಲ್ಲುತ್ತವಾ ನೋಡಿದೆವು. ನಿಂತವು.

ಇಷ್ಟೆಲ್ಲ ಆದಮೇಲೂ ನಾನು ಒಂದು ಕಿತಾಪತಿ ಮಾಡಿದೆ. ಹುಡುಗನನ್ನು ಬೆನ್ನು ತಿರುಗಿಸಿ ಕೂರಿಸಿ, ಎಫ್310 ಮತ್ತು ಎಫ್ಎಸ್800 ಎರಡನ್ನೂ ಅದೇ ಒಂದು ಜಿ ಕಾರ್ಡ್ ಹಿಡಿದು ಒಂದಾದ ಮೇಲೊಂದು ನುಡಿಸಿದೆ. ಆ ಮನೆಗೆ ಪದರದ್ದೇ ವಾಸಿ ಅಂತ ಒಳಗೊಳಗೆ ನನ್ನ ಲೆಕ್ಕ. ವ್ಯತ್ಯಾಸ ಗೊತ್ತಾಗದಿದ್ದರೆ ಹತ್ತು ಸಾವಿರ ಉಳಿಯುತ್ತದೆ, ಅಲ್ವಾ? ಎರಡನೆಯದು ನುಡಿಸಿ ಕೈ ತೆಗೆದೆ. ದನಿ ಇನ್ನೂ ಇಳಿಯುತ್ತಿತ್ತು. ಅವನು ತಿರುಗಿ ನೋಡದೆ, "ಇದು, ಇದು" ಅಂದ. ಮೂರು ಸಲ ಅದಲು ಬದಲು ಮಾಡಿದೆ. ಮೂರು ಸಲವೂ ಎಫ್ಎಸ್800 ಅನ್ನೇ ಹೇಳಿದ. ಅದನ್ನೇ ಕೊಂಡೆವು.

ಉಳಿದ ಐದು ಸಾವಿರ

ಬಜೆಟ್ ಪೂರ್ತಿ ಗಿಟಾರಿಗೆ ಸುರಿಯಬೇಡಿ. ಐದನೇ ಒಂದು ಪಾಲು ಎತ್ತಿಡಿ. ನಾವು ಎತ್ತಿಟ್ಟ ಐದು ಸಾವಿರ ಹೋದದ್ದು ಹೀಗೆ. ಸೆಟಪ್‌ಗೆ ಸಾವಿರದ ಚಿಲ್ಲರೆ. ಸ್ಯಾಡಲ್ ಇಳಿಸಿ, ನಟ್‌ನ ಗೀರು ತಿದ್ದಿ, ನೆಕ್ ನೇರ ಮಾಡಿ ಕೊಟ್ಟರು. ಹೊಸ ಗಿಟಾರಿಗೆ ಯಾಕೆ ರಿಪೇರಿ ಅಂತ ಕೇಳುವವರಿದ್ದಾರೆ. ಹೊಸ ಅಂಗಿಯ ತೋಳು ಉದ್ದ ಇದ್ದರೆ ಟೈಲರ್ ಹತ್ತಿರ ಹೋಗುವುದಿಲ್ಲವೇ? ಅಷ್ಟೇ ಇದು.

ತಂತಿಗೆ ಸಾವಿರದ ಮೇಲೆ ಕೊಟ್ಟೆವು. ಕಂಪನಿಯಿಂದ ಬಂದ 12ರ ಸೆಟ್ ತೆಗೆದು, ಕೋಟಿಂಗ್ ಇರುವ 11ರ ಸೆಟ್ ಹಾಕಿಸಿದೆ. 11 ಅಂದರೆ ತೆಳು ತಂತಿಯ ದಪ್ಪ ಒಂದು ಇಂಚಿನ ಸಾವಿರ ಪಾಲಿನಲ್ಲಿ 11 ಪಾಲು. ತಂತಿ ತೆಳುವಾದಷ್ಟು ಹಲಗೆಯ ಮೇಲಿನ ಎಳೆತ ಕಡಿಮೆ, ಮಳೆಗಾಲದಲ್ಲಿ ಹೊಟ್ಟೆ ಉಬ್ಬುವುದೂ ಕಡಿಮೆ. ಕೋಟಿಂಗ್ ಇಲ್ಲದ ತಂತಿ ಇನ್ನೂರು ಮುನ್ನೂರಕ್ಕೂ ಸಿಗುತ್ತದೆ, ಆದರೆ ಜುಲೈನಲ್ಲಿ ನಮ್ಮ ಕಡೆ ಮೂರು ವಾರಕ್ಕೆ ಕಂದು ಬಣ್ಣ, ಬೆರಳಿಗೆಲ್ಲ ತುಕ್ಕಿನ ವಾಸನೆ. ಲೆಕ್ಕ ಹಾಕಿದರೆ ದುಬಾರಿ ತಂತಿಯೇ ಅಗ್ಗ.

ಒಳ್ಳೆ ದಪ್ಪ ಸ್ಪಂಜಿನ ಚೀಲಕ್ಕೆ ಎರಡು ಸಾವಿರ. ಅಂಗಡಿಯವರು ಪುಕ್ಕಟೆ ಕೊಡುವ ರೆಕ್ಸಿನ್ ಚೀಲ ಧೂಳಿಗೆ ಮಾತ್ರ. ತೇವ ಅಳೆಯುವ ಅಂಗೈಯಗಲದ ಮೀಟರ್ ಒಂದು, ಸಿಲಿಕಾ ಜೆಲ್ ಪೊಟ್ಟಣ ಒಂದು ಡಜನ್. ಬಣ್ಣ ಬದಲಾಯಿಸುವ ಜಾತಿಯ ಸಿಲಿಕಾ ತಗೊಳ್ಳಿ. ನೀರು ಕುಡಿದದ್ದು ಕಣ್ಣಿಗೆ ಕಾಣುತ್ತದೆ, ಕಾಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಆ ಬಾಣಲೆ ಮಾತ್ರ ಮತ್ತೆ ಅಡುಗೆಗೆ ಬೇಡ.

ಇಡುವ ಜಾಗಕ್ಕೆ ಅವನೇ ಒಂದು ಉಪಾಯ ಹುಡುಕಿದ್ದ. ನಡುಮನೆಯ ಮರದ ಬೀರು. ಹೊರಗೋಡೆಗೆ ತಾಗಿಲ್ಲ, ಅದು ಮುಖ್ಯ. ರೇಷ್ಮೆ ಸೀರೆಗೆ ಬೂಷ್ಟು ಬಾರದಿರಲಿ ಅಂತ ಅಮ್ಮ ಅದರ ಕೆಳಗಿನ ಖಾನೆಯಲ್ಲಿ ಹಳೆ ಕಾಲದ ಜೀರೋ ಬಲ್ಬ್ ಹಾಕಿ ಇಟ್ಟಿದ್ದಾರೆ. ಎಲ್ಇಡಿ ಆದರೆ ಆಗುವುದಿಲ್ಲ, ಬಿಸಿ ಬರುವ ಬಲ್ಬೇ ಬೇಕು. ಒಳಗಿನ ಗಾಳಿ ಎರಡು ಡಿಗ್ರಿ ಬೆಚ್ಚಗಾದರೂ ತೇವದ ಅಂಕಿ ಇಳಿಯುತ್ತದೆ. ಗಿಟಾರಿಗೂ ಬಲ್ಬಿಗೂ ಒಂದು ಮೊಳಕ್ಕಿಂತ ಜಾಸ್ತಿ ಅಂತರ ಇರಲಿ ಅಂತ ಹೇಳಿದೆ. ಆರಿದ್ರದಿಂದ ಮಘೆ ಮಳೆ ಮುಗಿಯುವವರೆಗೆ ಚೀಲದಲ್ಲಿ, ಸಿಲಿಕಾ ಜೊತೆ, ಬೀರುವಿನಲ್ಲಿ. ನುಡಿಸಿದ ಮೇಲೆ ತಂತಿ ಒರೆಸುವುದು. ವಾರಕ್ಕೊಮ್ಮೆ ಸ್ಕೇಲ್ ಇಟ್ಟು 12ನೇ ಫ್ರೆಟ್ ನೋಡುವುದು. ಎತ್ತರ ಅರ್ಧ ಮಿಲಿಮೀಟರ್ ಏರಿದರೆ ತಂತಿಯನ್ನು ಒಂದೆರಡು ಸ್ವರ ಸಡಿಲ ಬಿಟ್ಟು ಇಡುವುದು.

ಹಳೆ ಗಿಟಾರ್ ಕೊಳ್ಳಬಹುದಾ ಅಂತ ಕೆಲವರು ಕೇಳುತ್ತಾರೆ. ಕೊಳ್ಳಬಹುದು, ಆದರೆ ನಮ್ಮ ಕಡೆಯ ಮನೆಯಲ್ಲಿದ್ದ ಗಿಟಾರಾದರೆ ಬ್ರಿಡ್ಜಿನ ಹಿಂದಿನ ಅಂಚಿಗೆ ಒಂದು ತೆಳು ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ. ಮತ್ತೆ ಬಗ್ಗಿ ತೂತಿನೊಳಗೆ ಮೂಸಿ ನೋಡಿ. ಹಳೆ ಟ್ರಂಕಿನ ವಾಸನೆ ಬಂದರೆ ಎದ್ದು ಬನ್ನಿ.

ಜೂನ್ ಕೊನೆಯಲ್ಲಿ ಅವನಿಂದ ಒಂದು ಫೋಟೋ ಬಂತು. ಬೀರುವಿನೊಳಗೆ ಚೀಲ, ಚೀಲದ ಮೇಲೆ ಮೀಟರ್, ಮೀಟರಿನಲ್ಲಿ 61. ಒಳ್ಳೆ ಅಂಕಿ ಅಂತ ಬರೆದೆ. ಹತ್ತು ದಿನ ಬಿಟ್ಟು ರಾತ್ರಿ ಮತ್ತೊಂದು ಮೆಸೇಜ್.

"ಮಾವ, ಕರೆಂಟ್ ಹೋಗಿ ಮೂರು ದಿನ. ಬಲ್ಬ್ ಇಲ್ಲ. ಮೀಟರ್ 84. ಅಜ್ಜಿ ಬಚ್ಚಲೊಲೆ ಅಟ್ಟದ ಮೇಲೆ ಜಾಗ ಖಾಲಿ ಮಾಡಿ ಕಾಯ್ತಾ ಇದಾರೆ."

ಕೂಡಲೇ ಫೋನ್ ಮಾಡಿದೆ. "ಅಜ್ಜಿಗೆ ಕೊಡು ಫೋನು" ಅಂದೆ.